ಮೋರಿಯ ಸದ್ದು ಬಲ್ಲವರನ್ನು ಕೇಳಿ

ನೈಋತ್ಯ ರೈಲ್ವೆಯ ಮೈಸೂರು ವಿಭಾಗೀಯ ವ್ಯವಸ್ಥಾಪಕರಿಗೆ,



ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ ದುಡಿದು, ಮೇಟ್ ಆಗಿ ನಿವೃತ್ತನಾದವನು ನಾನು. ಈಗ ನೀವು ಟ್ರ್ಯಾಕ್ ಮೇಂಟೇನರ್ ಅನ್ನುತ್ತೀರಲ್ಲ, ಅದೇ ಕೆಲಸ. ನನ್ನ ಕಾಲದಲ್ಲಿ ಅಲ್ಲಿ ಇದ್ದದ್ದು ಮೀಟರ್‌ಗೇಜ್. ಕೊನೆಕೊನೆಗೆ ರೈಲುಬಸ್ಸೂ ಓಡಿತು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂತು. ಮೈಸೂರು, ಬೆಂಗಳೂರಿನಿಂದ ನೇರ ಗಾಡಿಗಳು ಬಂದು ನಿಲ್ಲುವುದನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತದೆ.

ಹೋದ ಮಳೆಗಾಲ ಮುಗಿಯುತ್ತಿದ್ದಂತೆ ಮೊಮ್ಮಗನನ್ನು ಕರೆದುಕೊಂಡು ಆ ದಾರಿಯನ್ನು ನೋಡಿ ಬಂದೆ. ಹಳಿಯ ಮೇಲೆ ನಡೆಯುವ ಹಕ್ಕು ಈಗ ನನಗಿಲ್ಲ. ಹಾಗಾಗಿ ಸ್ವಲ್ಪ ದೂರ ಗಾಡಿಯಲ್ಲಿ, ಸ್ವಲ್ಪ ದೂರ ಬಸ್ಸಿನಲ್ಲಿ ಹೋಗಿ, ಗೇಟುಗಳ ಹತ್ತಿರ ಇಳಿದು ನಿಂತು ನೋಡಿದೆ. ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು. ಮರದ ಸ್ಲೀಪರ್ ಇದ್ದಲ್ಲಿ ಕಾಂಕ್ರೀಟ್ ಬಂದಿದೆ. ಹಳಿಗಳನ್ನು ಬೆಸೆದಿರುವುದರಿಂದ ಜಾಯಿಂಟಿನ ಟಕಟಕ ಕೇಳುವುದಿಲ್ಲ. ಹಿಂದೆ ಮೇಟ್ ಮೊಣಕಾಲೂರಿ, ಕೆನ್ನೆಯನ್ನು ಹಳಿಗೆ ತಾಗಿಸುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದ. ನಾವು ಸಾಲಾಗಿ ನಿಂತು ಬೀಟರ್‌ನಿಂದ ಸ್ಲೀಪರ್ ಅಡಿಗೆ ಜಲ್ಲಿ ತುಂಬುತ್ತಿದ್ದೆವು. ಈಗ ಅದನ್ನು ಯಂತ್ರ ಮಾಡುತ್ತದೆ, ನಮಗಿಂತ ಚೆನ್ನಾಗಿಯೇ ಮಾಡುತ್ತದೆ.

ನಾನು ಬರೆಯುತ್ತಿರುವುದು ಯಂತ್ರಕ್ಕೆ ಸಿಗದ ಒಂದು ವಿಷಯದ ಬಗ್ಗೆ: ಮಳೆ.

ಅರಸಾಳಿನಿಂದ ಆಚೆ ಕಾಡು ಹತ್ತಿರವಾಗುತ್ತಿದ್ದಂತೆ ದಾರಿ ಜಂಬಿಟ್ಟಿಗೆ ಮಣ್ಣಿನ ದಿಬ್ಬಗಳನ್ನು ಸೀಳಿಕೊಂಡು ಹೋಗುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ರಾತ್ರಿ ಪೆಟ್ರೋಲಿಂಗ್ ಎಂದರೆ ಕಂಬಳಿ ಕೊಪ್ಪೆ, ಕೈದೀಪ, ಗಾಡಿ ಹತ್ತಿದಾಗ ಸಿಡಿದು ಎಚ್ಚರಿಸುವ ಡೆಟೊನೇಟರ್‌ಗಳ ಡಬ್ಬಿ, ಕಾಲಿಗೆ ಹತ್ತುವ ಇಂಬಳ. ಬೀಟಿನ ತುದಿಯಲ್ಲಿ ಆ ಕಡೆಯಿಂದ ಬಂದವನ ಜೊತೆ ಪುಸ್ತಕ ಬದಲಾಯಿಸಿಕೊಂಡು ತಿರುಗಬೇಕು. ದಾರಿ ಕೆಟ್ಟಿದ್ದರೆ ಮೀಟರ್‌ಗೇಜಿನಲ್ಲಿ ಆ ಜಾಗದಿಂದ 400 ಮೀಟರ್ ದೂರಕ್ಕೆ ಒಂದು ಡೆಟೊನೇಟರ್, 800 ಮೀಟರ್‌ಗೆ ಹತ್ತು ಹತ್ತು ಮೀಟರ್ ಬಿಟ್ಟು ಮೂರು. ಬ್ರಾಡ್‌ಗೇಜಿಗೆ ಅದು 600 ಮತ್ತು 1200. ಇಷ್ಟು ನಿಯಮದ ಪುಸ್ತಕದಲ್ಲಿದೆ.

ಪುಸ್ತಕದಲ್ಲಿಲ್ಲದ್ದನ್ನು ನನಗೆ ಕಲಿಸಿದವರು ನನ್ನ ಮೊದಲ ಮೇಟ್. ಕಟಿಂಗ್ ಒಂದರ ಹತ್ತಿರ ಇದ್ದ ಸಣ್ಣ ಮೋರಿಯ ಪಕ್ಕ ನನ್ನನ್ನು ನಿಲ್ಲಿಸಿ, ದೀಪ ಕೆಳಗಿಡು, ಕಿವಿ ಕೊಡು ಎಂದರು. ಮೋರಿ ಜೋರಾಗಿ ಮೊರೆಯುತ್ತಿದ್ದರೆ ಭಯವಿಲ್ಲ. ಅಷ್ಟೇ ಮಳೆ ಹುಯ್ಯುತ್ತಿದ್ದಾಗ ಸದ್ದು ಇದ್ದಕ್ಕಿದ್ದಂತೆ ಅಡಗಿದರೆ ಮೇಲೆಲ್ಲೋ ಮರ, ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಳ್ಳುತ್ತಿದೆ ಎಂದು ತಿಳಿ. ಆ ಕಟ್ಟು ಒಡೆದರೆ ಏರಿಯನ್ನೇ ಹೊತ್ತೊಯ್ಯುತ್ತದೆ. ಚರಂಡಿಯಲ್ಲಿ ತಿಳಿನೀರು ಹರಿಯುತ್ತಿದ್ದದ್ದು ಕೆಂಪಾದರೆ ದಿಬ್ಬದ ಒಳಗಿನ ಮಣ್ಣು ಕರಗುತ್ತಿದೆ. ನೆಟ್ಟಗಿದ್ದ ಮರ ಹಳಿಯ ಕಡೆ ವಾಲಿದ್ದರೆ ಅದರ ಬುಡ ನೋಡು. ಮೋರಿಯ ಸದ್ದು ನಿಂತಿದೆಯೆಂದು ಅವರೇ ಒಮ್ಮೆ ಕೆಂಪು ದೀಪ ಹಿಡಿದು ಗಾಡಿ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿನಲ್ಲೇ ಹಳಿಯ ಕೆಳಗಿನ ಜಲ್ಲಿ ಹೋಗಿ, ಸ್ಲೀಪರ್‌ಗಳು ಹಳಿಗೆ ಜೋತು ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಈ ಸಲ ನೋಡಿದಾಗ ಒಂದು ಕಟಿಂಗಿನ ನೆತ್ತಿಯ ಮೇಲೆ ಹೊಸ ಅಡಿಕೆ ತೋಟ ಎದ್ದಿತ್ತು. ತೋಟದ ಬಸಿಗಾಲುವೆಯ ಬಾಯಿ ಹಳಿಯ ಕಡೆಗೇ ತಿರುಗಿತ್ತು. ಅಲ್ಲಿ ಮೊದಲಿನಿಂದಲೂ ಒರತೆಯಿದೆ, ಮಳೆ ನಿಂತು ತಿಂಗಳಾದರೂ ಗೋಡೆ ಒಸರುತ್ತದೆ. ಗೇಟಿನ ಹತ್ತಿರ ಸಿಕ್ಕ ಕೀಮ್ಯಾನ್ ಹುಡುಗನಿಗೆ ತೋರಿಸಿದೆ. ಒಳ್ಳೆಯ ಹುಡುಗ, ಬೇರೆ ರಾಜ್ಯದವನು. ನನ್ನ ಕನ್ನಡ ಅವನಿಗೆ ಅರ್ಧ ತಿಳಿಯಿತು, ಅವನ ಹಿಂದಿ ನನಗೆ ಅರ್ಧ. ಅವನ ಹೆಗಲಲ್ಲಿ ಜಿಪಿಎಸ್ ಪೆಟ್ಟಿಗೆ ಇತ್ತು. ಅವನು ಎಲ್ಲಿ ನಡೆಯುತ್ತಿದ್ದಾನೆ ಎಂಬುದನ್ನು ಅದು ನಿಮಗೆ ತಿಳಿಸುತ್ತದೆ. ಎಲ್ಲಿ ನಿಂತು ಕಿವಿಗೊಡಬೇಕು ಎಂಬುದನ್ನು ಅವನಿಗೆ ಹೇಳುವವರು ಬೇಕು.

ಮಳೆಗಾಲಕ್ಕೆ ಮೊದಲು ಅಪಾಯದ ಜಾಗಗಳ ಪಟ್ಟಿ ತಯಾರಾಗುತ್ತದೆ, ಗೊತ್ತು. ಆದರೂ ನಿಮ್ಮದೇ ವಿಭಾಗದಲ್ಲಿ 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ಮಂಗಳೂರಿನ ಗಾಡಿಗಳು ಎಷ್ಟೋ ದಿನ ನಿಂತವು. ಘಾಟಿಯ ಮಳೆಗೆ ಯಾರೂ ಪೂರ್ತಿ ಉತ್ತರ ಕೊಡಲಾರರು. ಹಾಗೆಂದು ತಿಳಿದಿರುವುದನ್ನೂ ಕಳೆದುಕೊಳ್ಳಬೇಕೆ?

ಆದ್ದರಿಂದ ನನ್ನ ಬೇಡಿಕೆ ಇದು. ಈ ಮಾರ್ಗದಲ್ಲಿ ದುಡಿದು ನಿವೃತ್ತರಾದ ಗ್ಯಾಂಗ್‌ಮನ್, ಕೀಮ್ಯಾನ್, ಮೇಟ್‌ಗಳನ್ನು ಮುಂದಿನ ಮಳೆಗೆ ಮೊದಲೇ ಕರೆಸಿ. ನಿಮ್ಮ ಇಂಜಿನಿಯರರ ಜೊತೆ ನಡೆಸಿಯೋ, ನಡೆಯಲಾಗದವರನ್ನು ಟ್ರಾಲಿಯಲ್ಲಿ ಕೂರಿಸಿಯೋ ದಾರಿ ತೋರಿಸಿ. ಅವರು ಹೇಳಿದ್ದನ್ನು ಕಿಲೋಮೀಟರ್‌ವಾರು ಬರೆದುಕೊಳ್ಳಿ. ಅದನ್ನು ಈಗಿನ ಹುಡುಗರಿಗೆ ಅವರವರ ಭಾಷೆಯಲ್ಲಿ ಕೊಡಿ. ಗೇಜ್ ಬದಲಾದಾಗ ಕೆಲವು ಮೋರಿಗಳೂ ಬದಲಾಗಿರಬಹುದು. ನಮ್ಮ ಮಾತಿನಲ್ಲಿ ಈಗ ಉಪಯೋಗವಿಲ್ಲದ್ದನ್ನು ನಿಮ್ಮ ಇಂಜಿನಿಯರರು ಸೋಸಲಿ.

ಇನ್ನೊಂದು ಮಾತು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ಗೆ ನಿಲ್ದಾಣವಾಗಿದ್ದ ಅರಸಾಳಿನಲ್ಲಿ 2020ರಲ್ಲಿ ಮ್ಯೂಸಿಯಂ ತೆರೆದು ಹಳೆಯ ಕಟ್ಟಡ ಉಳಿಸಿದ್ದೀರಿ. ತುಂಬಾ ಒಳ್ಳೆಯ ಕೆಲಸ. ಅಲ್ಲಿ ಒಂದು ಗೋಡೆಯನ್ನು ಬೀಟರ್, ಕೀಮ್ಯಾನ್ ಸುತ್ತಿಗೆ, ಪೆಟ್ರೋಲಿಂಗ್ ದೀಪಕ್ಕೂ, ಅವನ್ನು ಹಿಡಿದವರ ಮಾತಿಗೂ ಬಿಟ್ಟುಕೊಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಹಳಿ ಹಾಕಿದವರ, ಆಮೇಲೆ ಅದನ್ನು ಕಾದವರ ನೆನಪಿಗೂ ಆ ನಿಲ್ದಾಣ ಸಲ್ಲುತ್ತದೆ.

ನಾವು ಹೆಚ್ಚಿನವರು ಸಾಗರ, ಆನಂದಪುರ, ಕುಂಸಿ ಸುತ್ತಮುತ್ತಲೇ ಇದ್ದೇವೆ. ವಿಳಾಸ ಪಿಂಚಣಿ ಕಡತಗಳಲ್ಲಿ ಸಿಗುತ್ತದೆ. ದಿನಗೂಲಿ, ಭತ್ಯೆ ಏನೂ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಕರೆದರೆ ಅನುಕೂಲ, ಆಗ ಒರತೆ ಯಾವುದು, ಬರೀ ಮಳೆನೀರು ಯಾವುದು ಎಂದು ಸರಿಯಾಗಿ ತೋರಿಸಬಹುದು. ಅರಸಾಳು–ಆನಂದಪುರ ಭಾಗದಿಂದಲೇ ಶುರು ಮಾಡಿ. ಆ ಕಡೆ ದುಡಿದವರಲ್ಲಿ ಇನ್ನು ಉಳಿದಿರುವವರು ಕಡಿಮೆ, ಇರುವವರಿಗೂ ವಯಸ್ಸಾಗಿದೆ.

ತಮ್ಮ ವಿಶ್ವಾಸಿ,
ನಿವೃತ್ತ ಮೇಟ್, ಶಿವಮೊಗ್ಗ–ತಾಳಗುಪ್ಪ ಮಾರ್ಗ