ಕಾಲಾಳುಗಳ ಸರಪಳಿ ಮತ್ತು ಬೆಂಗೇರಿಯ ಖಾದಿ

ಚದುರಂಗದಲ್ಲಿ ಕಾಲಾಳಿನ ಬೆಲೆ ಒಂದಾದರೆ ಮಂತ್ರಿಯದು ಒಂಬತ್ತು. ಆದರೂ ಕಾಲಾಳುಗಳೇ ಆಟದ ಜೀವವೆಂದು ಫ್ರಾನ್ಸಿನ ಫಿಲಿಡೋರ್ 1749ರಲ್ಲಿಯೇ ಬರೆದನು. ಒಂದನ್ನೊಂದು ಓರೆಯಾಗಿ ಕಾಯುವ ಕಾಲಾಳುಗಳ ಸರಪಳಿಯಲ್ಲಿ ಬುಡದ ಕಾಲಾಳಿಗೆ ಮಾತ್ರ ಮತ್ತೊಂದರ ಕಾವಲಿಲ್ಲ; ಬಲ್ಲ ಎದುರಾಳಿಯ ಪೆಟ್ಟು ಬೀಳುವುದು ಅಲ್ಲಿಯೇ.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜವೂ ಇಂತಹುದೇ ಸರಪಳಿಯ ತುದಿ. ಬುಡದಲ್ಲಿರುವವಳು ಹಳ್ಳಿಯಲ್ಲಿ ನೂಲುವ ಹೆಣ್ಣುಮಗಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಹಾಗೂ ಯಂತ್ರನಿರ್ಮಿತ ಧ್ವಜಗಳಿಗೆ ಅನುಮತಿ ದೊರೆತಾಗ ಏಟು ತಗುಲಿದ್ದು ಈ ಬುಡಕ್ಕೆ. ಹೊಲಿಗೆ ಯಂತ್ರಕ್ಕೆ ಬೇರೆ ಬಟ್ಟೆಯಾದರೂ ಸಿಕ್ಕೀತು. ಚರಕಕ್ಕೆ ಬೇರೆ ಕೆಲಸವೆಲ್ಲಿ? ಸ್ವಾತಂತ್ರ್ಯೋತ್ಸವದ ಧ್ವಜಗಳಿಗೆ ವರ್ತಕರೂ ಸಣ್ಣ ಉದ್ದಿಮೆದಾರರೂ ಆಗಸ್ಟಿನವರೆಗೆ ಕಾಯದೆ ಯುಗಾದಿಯ ಹೊತ್ತಿಗೇ ಬೆಂಗೇರಿಗೆ ಬೇಡಿಕೆ ಸಲ್ಲಿಸಿದರೆ, ನೂಲುವ ಕೈಗಳಿಗೆ ಬೇಸಿಗೆಯಲ್ಲಿ ಕೆಲಸ ದೊರೆಯುವುದು.