ಅಳೆದದ್ದನ್ನು ಇನ್ನೊಬ್ಬರೂ ಅಳೆಯಲಿ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತು ನಮ್ಮೂರಿನ ಹೆಮ್ಮೆ. ಆದರೆ ಕಾಡಿನಲ್ಲಿ ಹುಳು ಮಾಡಿದ ನಷ್ಟವನ್ನು ಲೆಕ್ಕ ಹಾಕಲು ಕಣ್ಣೊಂದೇ ಸಾಲದು.

ತೇಗವನ್ನೇ ನೋಡಿ. ಅದನ್ನು ಮುಖ್ಯವಾಗಿ ಎರಡು ಹುಳುಗಳು ಕಾಡುತ್ತವೆ. ಒಂದು ಮಳೆಗಾಲದ ಆರಂಭದಲ್ಲಿ ಚಿಗುರೆಲೆಯನ್ನು ಪೂರ್ತಿ ತಿನ್ನುತ್ತದೆ. ಇನ್ನೊಂದು ಎಲೆ ಉದುರುವ ಕಾಲ ಹತ್ತಿರವಾದಾಗ ಬಂದು, ನರಗಳನ್ನಷ್ಟೇ ಉಳಿಸಿ ಎಲೆಯನ್ನು ಜಾಲರಿ ಮಾಡುತ್ತದೆ. ದೂರದಿಂದ ನೋಡುವವರಿಗೆ ಎರಡು ಸಲವೂ ತೋಪು ಹಾಳಾದಂತೆಯೇ ಕಾಣುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೆ.ಎಸ್.ಎಸ್. ನಾಯರ್ ಮತ್ತು ಸಂಗಡಿಗರು ನಿಲಂಬೂರಿನ ಎಳೆಯ ನೆಡುತೋಪಿನಲ್ಲಿ ಐದು ವರ್ಷ ಅಳತೆ ಮಾಡಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಹುಳುವಿನಿಂದ ರಕ್ಷಿಸಿದ ಮರಗಳು ಹೆಕ್ಟೇರಿಗೆ ವರ್ಷಕ್ಕೆ 6.7 ಘನ ಮೀಟರ್ ಬೆಳೆದರೆ, ರಕ್ಷಣೆಯಿಲ್ಲದವು ಬೆಳೆದದ್ದು 3.7 ಮಾತ್ರ. ಎರಡನೆಯ ಹುಳುವಿನಿಂದ ಗಮನಾರ್ಹ ನಷ್ಟವೇ ಕಾಣಲಿಲ್ಲ. ಅಳೆಯದೇ ಇದ್ದಿದ್ದರೆ ಎರಡಕ್ಕೂ ಔಷಧಿ ಸಿಂಪಡಿಸಿ ಹಣ ಸುರಿಯಬೇಕಾಗುತ್ತಿತ್ತು.

ಆದರೆ ಟೇಪು ಹಿಡಿದವರೂ ತಪ್ಪಬಹುದು. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುವುದು ರೂಢಿ. 30 ಸೆಂ.ಮೀ. ಸುತ್ತಳತೆಯ ಮರದಲ್ಲಿ 1 ಸೆಂ.ಮೀ. ತಪ್ಪಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ 7ರಷ್ಟು ಬದಲಾಗುತ್ತದೆ. ಆ ಮರ ವರ್ಷಕ್ಕೆ 2 ಸೆಂ.ಮೀ. ದಪ್ಪವಾಗುತ್ತಿದ್ದರೆ, ಅರ್ಧ ಬೆಳವಣಿಗೆ ಆ ತಪ್ಪಿನಲ್ಲೇ ಮುಚ್ಚಿಹೋಯಿತು. ಎಲೆ ಎಷ್ಟು ಹೋಗಿದೆ ಎಂಬ ಅಂದಾಜಂತೂ ಇನ್ನೂ ಸಡಿಲ. ಒಬ್ಬರ ಕಣ್ಣಿಗೆ ಶೇ 30 ಅನಿಸಿದ್ದು ಇನ್ನೊಬ್ಬರಿಗೆ ಶೇ 50 ಅನಿಸಬಹುದು.

‘ಇರುವ ಹಣದಲ್ಲಿ ಇನ್ನಷ್ಟು ಮರ ಅಳೆದರಾಯಿತು, ಅಳೆದದ್ದನ್ನೇ ಯಾಕೆ ಅಳೆಯಬೇಕು?’ ಎಂದು ಕೇಳುವವರಿದ್ದಾರೆ. ಆಕಸ್ಮಿಕ ತಪ್ಪುಗಳು ಮರಗಳ ಸಂಖ್ಯೆ ಹೆಚ್ಚಿದಂತೆ ಒಂದಕ್ಕೊಂದು ವಜಾ ಆಗುತ್ತವೆ, ನಿಜ. ಆದರೆ ಟೇಪು ಸಡಿಲ ಬಿಡುವ ಕೈ ಸಾವಿರ ಮರ ಅಳೆದರೆ ಅದೇ ತಪ್ಪನ್ನು ಸಾವಿರ ಸಲ ಮಾಡುತ್ತದೆ.

ಎಂಜಿನಿಯರಿಂಗ್ ಓದುವ ನಮಗೆ ಇದು ಹೊಸದಲ್ಲ. ಲೆವೆಲಿಂಗ್ ಮುಗಿಸಿ ಬೆಂಚ್‌ಮಾರ್ಕ್‌ಗೆ ಮರಳಿ, ಎಷ್ಟು ವ್ಯತ್ಯಾಸ ಬಂತು ಎಂದು ನೋಡದೆ ಸರ್ವೆ ಪುಸ್ತಕ ಮುಚ್ಚುವಂತಿಲ್ಲ. ಅಮೆರಿಕದ ಅರಣ್ಯ ಸೇವೆಯೂ ತನ್ನ ಅರಣ್ಯ ಗಣತಿಯಲ್ಲಿ ಕೆಲವು ತಾಕುಗಳನ್ನು ಎರಡನೇ ತಂಡದಿಂದ, ಮೊದಲಿನ ಅಂಕಿ ತೋರಿಸದೆ, ಅಳೆಸುತ್ತದೆ. ನಮ್ಮಲ್ಲೂ ಹತ್ತು ಮರಕ್ಕೆ ಒಂದನ್ನಾದರೂ ಹೀಗೆ ಮರು ಅಳತೆ ಮಾಡಿಸಿ, ಬಂದ ವ್ಯತ್ಯಾಸವನ್ನು ವರದಿಯಲ್ಲೇ ಮುದ್ರಿಸಬೇಕು. ಆದರೆ ವ್ಯತ್ಯಾಸ ಕಂಡಾಗ ಸಿಬ್ಬಂದಿಯನ್ನು ದಂಡಿಸಬಾರದು. ಶಿಕ್ಷೆಯ ಭಯವಿದ್ದರೆ ಹಳೆಯ ಅಂಕಿಯ ನಕಲಷ್ಟೇ ಸಿಗುತ್ತದೆ.

ಗೆಳೆಯರೇ, ನಾಳೆ ನಮ್ಮಲ್ಲೇ ಕೆಲವರು ಅರಣ್ಯ ರಕ್ಷಕರಾಗಬಹುದು, ಬೆಳೆ ಸಮೀಕ್ಷೆಗೆ ಹೋಗಬಹುದು. ದಾಂಡೇಲಿಯ ತೇಗವಿರಲಿ, ಗಂಗಾವತಿಯ ಭತ್ತವಿರಲಿ, ನಾವು ಬರೆಯುವ ಅಂಕಿಯನ್ನು ನಂಬಿಯೇ ಔಷಧಿಗೆ ಹಣ, ರೈತರಿಗೆ ಪರಿಹಾರ ನಿರ್ಧಾರವಾಗುತ್ತದೆ. ಇನ್ನೊಬ್ಬರು ಬಂದು ಅಳೆದಾಗಲೂ ನಿಲ್ಲುವ ಅಂಕಿಯನ್ನೇ ಬರೆಯೋಣ.