ದೂರಿನ ಪುಸ್ತಕ ಯಾರ ಕೈಗೆ ಎಟುಕಬೇಕು?

ತಂತ್ರಾಂಶವೆಂಬ ಮಾತು ಕಿವಿಗೆ ಬಿದ್ದೊಡನೆಯೇ, "ಕಲಾ ವಿಭಾಗದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ?" ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿ ಇಲ್ಲದಿಲ್ಲ. ನಾನೂ ಹಿಂದೆ ಹಾಗೆಯೇ ಎಣಿಸಿದ್ದೆನು. ಆದರೆ ಕಳೆದ ವರ್ಷ ನಾವು ನಾಲ್ವರು ಸ್ನೇಹಿತರು ಕೂಡಿ ಮಾಡಿದ ಒಂದು ಸಣ್ಣ ಕೆಲಸವೂ, ಅದರಿಂದ ನಮ್ಮೊಳಗೆ ಎದ್ದ ವಾದವೂ ನನ್ನ ಅಭಿಪ್ರಾಯವನ್ನು ಬದಲಾಯಿಸಿದುವು. ಆ ವಾದವನ್ನೇ ಇಲ್ಲಿ ಓದುಗರ ಮುಂದೆ ಇಡುತ್ತೇನೆ.

ನಾವು ಮಾಡಿದ್ದು ತೆಂಗಿನ ತೋಟದವರು ಮೊಬೈಲಿನಲ್ಲಿ ಲೆಕ್ಕ ಬರೆದಿಡಲು ಒಂದು ತಂತ್ರಾಂಶ. ಎಷ್ಟು ಕಾಯಿ ಕೀಳಿಸಿದೆವು, ಎಳನೀರಿಗೆ ಎಷ್ಟು ಹೋಯಿತು, ಕೊಬ್ಬರಿಗೆಂದು ಅಟ್ಟಕ್ಕೆ ಎಷ್ಟು ಸೇರಿತು, ಕೂಲಿ ಎಷ್ಟಾಯಿತು ಎಂಬಿಷ್ಟೇ ಅದರ ವ್ಯಾಪ್ತಿ. ಅದು ಮುಕ್ತ ತಂತ್ರಾಂಶ. ಎಂದರೆ ಅದರ ಒಳಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಪರರಿಗೂ ಹಂಚಬಹುದು. ಅಟ್ಟಕ್ಕೆ ಸೇರಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಕಾಣುವಷ್ಟರಲ್ಲಿ ತಿಂಗಳುಗಟ್ಟಲೆ ಕಾಲ ಕಳೆಯುತ್ತದೆ. ಆದಕಾರಣ ಬರೆದ ಲೆಕ್ಕ ತಪ್ಪಾದರೆ ಆ ತಪ್ಪು ಹೊರಬೀಳುವುದೂ ತಡವಾಗಿಯೇ.

ತಂತ್ರಾಂಶವನ್ನು ಮೊದಲು ಬಳಸಿದವರಲ್ಲಿ ಶೆಟ್ಟಿಕೆರೆಯ ನಮ್ಮ ದೊಡ್ಡಮ್ಮನೂ ಒಬ್ಬರು. ಎರಡು ತಿಂಗಳು ಯಾವ ದೂರೂ ಬರಲಿಲ್ಲ. ನಾವು ನಾಲ್ವರೂ ಹಿಗ್ಗಿದೆವು. ಹಬ್ಬಕ್ಕೆ ಊರಿಗೆ ಹೋದಾಗ ನೋಡುತ್ತೇನೆ, ದೊಡ್ಡಮ್ಮ ಮತ್ತೆ ಹಳೆಯ ನೋಟುಪುಸ್ತಕದಲ್ಲಿಯೇ ಲೆಕ್ಕ ಬರೆಯುತ್ತಿದ್ದರು! ಕಾರಣವೇನೆಂದರೆ, ಅವರು ಕಲಿತದ್ದು ಕನ್ನಡ ಅಂಕಿ, ಮೊಬೈಲಿನಲ್ಲಿ ಒತ್ತಿದ್ದೂ ಕನ್ನಡ ಅಂಕಿ. ಯೂನಿಕೋಡಿನಲ್ಲಿ ೦ಯಿಂದ ೯ರವರೆಗಿನ ಅಂಕಿಗಳಿಗೆ ಒಂದು ಸ್ಥಾನ, 0ಯಿಂದ 9ರವರೆಗಿನವಕ್ಕೆ ಬೇರೆಯೇ ಸ್ಥಾನ. ನಾವು ಎರಡನೆಯದನ್ನು ಮಾತ್ರ ಗಮನಿಸಿದ್ದೆವು. ದೊಡ್ಡಮ್ಮ ೪೫೦ ಎಂದು ಬರೆದರೆ ನಮ್ಮ ತಂತ್ರಾಂಶ ಅದನ್ನು ಸೊನ್ನೆಯೆಂದು ಹಿಡಿಯುತ್ತಿತ್ತು.

"ಯಾಕೆ ದೊಡ್ಡಮ್ಮ, ಹೇಳಲೇ ಇಲ್ಲವಲ್ಲ?" ಎಂದು ಕೇಳಿದೆ.

"ಎಲ್ಲಿ ಹೇಳೋದಪ್ಪ? ದೂರು ಕೊಡೋ ಕಡೆ ಒತ್ತಿದ್ರೆ ಇಂಗ್ಲೀಷ್ನಲ್ಲಿ ಏನೇನೋ ಕೇಳ್ತು, ಪಾಸ್‌ವರ್ಡು ಅಂತು. ನನ್ನ ಕೈಲಾಗಲ್ಲ ಅಂತ ಸುಮ್ಮನಾದೆ" ಎಂದರು.

ಅಂದು ನನಗೆ ತಿಳಿಯಿತು: ದೂರು ಬರಲಿಲ್ಲವೆಂದರೆ ದೋಷವಿಲ್ಲವೆಂದು ಅರ್ಥವಲ್ಲ; ದೂರು ಹೇಳುವ ಬಾಗಿಲು ಮುಚ್ಚಿದೆಯೆಂದೂ ಅರ್ಥವಾಗಬಹುದು.

ಮುಕ್ತ ತಂತ್ರಾಂಶಗಳಲ್ಲಿ ದೋಷಗಳನ್ನು ಬರೆದಿಡುವ ದಾಖಲೆಗೆ ಇಶ್ಯೂ ಟ್ರ್ಯಾಕರ್ ಎಂದು ಹೆಸರು. ಪ್ರತಿಯೊಂದು ದೂರಿಗೂ ಅಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಯಾರು ನೋಡುತ್ತಿದ್ದಾರೆ, ಸರಿಹೋಯಿತೇ ಇಲ್ಲವೇ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ನಾವು ಮೊದಲು ಆರಿಸಿದ್ದು ಗಿಟ್‌ಹಬ್. ಅದು ಪ್ರಸಿದ್ಧವಾದದ್ದು, ಸಣ್ಣ ಕೆಲಸಕ್ಕೆ ಹಣ ಕೇಳುವುದಿಲ್ಲ, ತಿದ್ದಬಲ್ಲ ಪರಿಣತರೆಲ್ಲ ಅಲ್ಲಿಯೇ ಇದ್ದಾರೆ. ಪೈಥಾನ್ ಭಾಷೆಯವರು ಕೂಡ ತಮ್ಮ ಹಳೆಯ ದಾಖಲೆಯನ್ನು 2022ರಲ್ಲಿ ಅಲ್ಲಿಗೇ ಸಾಗಿಸಿದರು. ಆದರೆ ಅಲ್ಲಿ ದೂರು ಬರೆಯಬೇಕಾದರೆ ಖಾತೆ ಬೇಕೇ ಬೇಕು. ನನ್ನ ಸ್ನೇಹಿತರು ಇದರಲ್ಲಿ ತಪ್ಪೇನೆಂದು ಕೇಳಿದರು. ಖಾತೆಯಿಲ್ಲದವರಿಗೂ ಬಾಗಿಲು ತೆರೆದರೆ ಕಸವೆಲ್ಲ ಬಂದು ಬೀಳುತ್ತದೆ ಎಂಬುದು ಅವರ ವಾದ.

ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಡೆಬಿಯನ್ ಎಂಬ ಪ್ರಖ್ಯಾತ ಮುಕ್ತ ತಂತ್ರಾಂಶ ಸಂಸ್ಥೆಯನ್ನು ನೋಡಿರಿ. 1993ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ದೋಷವನ್ನು ತಿಳಿಸಲು ಖಾತೆ ಬೇಡ. ಒಂದು ಇ-ಅಂಚೆ ಬರೆದರೆ ಸಾಕು, ಸಂಖ್ಯೆ ತಾನಾಗಿ ಬೀಳುತ್ತದೆ. ನಮ್ಮ ಕನ್ನಡದ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳೂ ಡೆಬಿಯನ್ನಿನಲ್ಲಿ ಸೇರಿವೆ. 'ರ‍್ಯಾಂಕ್' ಎಂಬ ಪದದ ಮೊದಲಕ್ಷರ ಸರಿಯಾಗಿ ಮೂಡದಿದ್ದರೆ ಅದು ಕನ್ನಡ ಓದಬಲ್ಲವನ ಕಣ್ಣಿಗೆ ಮಾತ್ರ ಬೀಳುವ ದೋಷ. ಅಂತಹವನಿಂದ ಒಂದು ಪತ್ರ ಬರಲು ಅಡ್ಡಿಯಿಲ್ಲದಿರುವುದೇ ದೊಡ್ಡ ಲಾಭ. ಕಸ ಬರುವುದು ನಿಜ. ಕಸವನ್ನು ಗುಡಿಸುವುದು ಮನೆಯವರ ಕೆಲಸ. ಕಸಕ್ಕೆ ಹೆದರಿ ಮನೆಯ ಬಾಗಿಲನ್ನೇ ಯಾರೂ ಗೋಡೆ ಮಾಡಿಕೊಳ್ಳುವುದಿಲ್ಲ.

ಇನ್ನೊಬ್ಬ ಸ್ನೇಹಿತ, "ಹಾಗಾದರೆ ವಾಟ್ಸಾಪಿನಲ್ಲಿಯೇ ದೂರು ಪಡೆಯೋಣ" ಎಂದನು. ಅದನ್ನೂ ಒಂದು ತಿಂಗಳು ನಡೆಸಿ ನೋಡಿದೆವು. ದೂರುಗಳು ಧಾರಾಳವಾಗಿ ಬಂದುವು. ಶುಭೋದಯದ ಚಿತ್ರಗಳ ನಡುವೆ ಅಷ್ಟೇ ಧಾರಾಳವಾಗಿ ಕಳೆದುಹೋದುವು. ಒಂದೇ ದೋಷವನ್ನು ಮೂವರು ಹೇಳಿದರೂ ಮೂರು ಸಲ ಉತ್ತರಿಸಿದೆವೇ ಹೊರತು ಒಂದು ಸಲವೂ ತಿದ್ದಲಿಲ್ಲ. ಸಂಖ್ಯೆಯಿಲ್ಲದ ದೂರು ರಶೀದಿಯಿಲ್ಲದ ಸಾಲದಂತೆ. ಕೊಟ್ಟವನಿಗೆ ನೆನಪಿರುತ್ತದೆ, ಪಡೆದವನಿಗಿರುವುದಿಲ್ಲ.

ಎರಡನೆಯ ಮಾತು, ದಾಖಲೆಯ ಆಯುಸ್ಸನ್ನು ಕುರಿತದ್ದು. ಗೂಗಲ್ ಕೋಡ್ ಎಂಬ ತಾಣದಲ್ಲಿ ಅಸಂಖ್ಯ ತಂತ್ರಾಂಶಗಳ ದೋಷಪಟ್ಟಿ ಇತ್ತು. 2016ರಲ್ಲಿ ಅದನ್ನು ಮುಚ್ಚಿದರು. ಕನ್ನಡ ವಿಕಿಪೀಡಿಯದ ತಾಂತ್ರಿಕ ದೂರುಗಳೂ ಸೇರುವ ವಿಕಿಮೀಡಿಯ ಸಂಸ್ಥೆಯವರು 2014ರಲ್ಲಿ ಬಗ್‌ಜಿಲ್ಲಾವನ್ನು ಬಿಟ್ಟು ಫ್ಯಾಬ್ರಿಕೇಟರಿಗೆ ಬಂದರು. 2021ರಲ್ಲಿ ಫ್ಯಾಬ್ರಿಕೇಟರನ್ನು ಮಾಡಿದ ಕಂಪನಿಯೇ ಅದರ ಕೆಲಸವನ್ನು ನಿಲ್ಲಿಸಿತು. ಆದರೆ ಅದೂ ಮುಕ್ತ ತಂತ್ರಾಂಶವಾಗಿದ್ದುದರಿಂದ ಬಳಕೆದಾರರೇ ಫೋರ್ಜ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದರಿಂದ ಕೆಡುಕಾಯಿತೆಂದು ನಾನು ಹೇಳುತ್ತಿಲ್ಲ. ಪರರ ಅಟ್ಟದಲ್ಲಿಟ್ಟ ಕಾಯಿಯನ್ನು ಎಣಿಸಿ ಇಟ್ಟುಕೊಳ್ಳಬೇಕೆಂದಷ್ಟೇ ನನ್ನ ಮಾತು. ಗಿಟ್ ಪದ್ಧತಿಯಲ್ಲಿ ತಂತ್ರಾಂಶದ ಒಳಬರಹದ ಪ್ರತಿ ನಮ್ಮ ನಮ್ಮ ಯಂತ್ರಗಳಲ್ಲಿಯೂ ಇರುತ್ತದೆ. ದೂರುಗಳ ಪಟ್ಟಿ ಹಾಗೆ ಜೊತೆಗೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು. ಫಾಸಿಲ್ ಎಂಬ ಪದ್ಧತಿಯಲ್ಲಿ ದೂರುಗಳೂ ಒಳಬರಹದೊಡನೆಯೇ ಬರುತ್ತವೆ. ಆದರೆ ಅದನ್ನು ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ.

ಕಡೆಗೆ ನಾವು ಗಿಟ್‌ಲ್ಯಾಬನ್ನು ಆರಿಸಿದೆವು. ಖಾತೆಯಿಲ್ಲದವರೂ ಇ-ಅಂಚೆಯಿಂದ ದೂರು ಕಳುಹಿಸುವ ಸೌಕರ್ಯ ಅಲ್ಲಿದೆ. ಇ-ಅಂಚೆಯೂ ಒಗ್ಗದ ದೊಡ್ಡಮ್ಮನಂತಹವರು ದೂರವಾಣಿಯಲ್ಲಿ ಹೇಳಿದರೆ, ನಮ್ಮಲ್ಲೊಬ್ಬರು ಅದನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಿಯೇ ಬರೆದು ಸಂಖ್ಯೆಯನ್ನು ಅವರಿಗೆ ತಿಳಿಸಬೇಕು. ಈ ಕೆಲಸ ವಾರಕ್ಕೊಬ್ಬರಂತೆ ಸರದಿ. ದೂರಿದವರ ಹೆಸರನ್ನಾಗಲಿ ಅವರ ತೋಟದ ಕಾಯಿಯ ಲೆಕ್ಕವನ್ನಾಗಲಿ ಬಹಿರಂಗ ಪುಸ್ತಕದಲ್ಲಿ ಬರೆಯಕೂಡದು. ಅದು ಮನೆಯ ಮಾತು. ತಿಂಗಳಿಗೊಮ್ಮೆ ಪಟ್ಟಿಯನ್ನೆಲ್ಲ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳತಕ್ಕದ್ದು. ಮೊದಲನೆಯ ದೂರು ಕನ್ನಡ ಅಂಕಿಯದು. ಅದು ಒಂಬತ್ತು ದಿನಗಳಲ್ಲಿ ಸರಿಹೋಯಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿಗೆ ಹೋದರೆ ಒಬ್ಬರಲ್ಲ ಒಬ್ಬರು ಅರ್ಜಿ ಹಿಡಿದು ಬರುತ್ತಾರೆ. ಅರ್ಜಿ ತುಂಬಲಾರದೆ ಹಿಂದಿರುಗಿದವನ ಕಷ್ಟ ಯಾವ ಕಡತದಲ್ಲಿಯೂ ಸೇರುವುದಿಲ್ಲ. ಕಡತವನ್ನು ನೋಡಿದವರು ಕಷ್ಟವೇ ಇಲ್ಲವೆಂದು ತಿಳಿಯುತ್ತಾರೆ. ನಾಳೆ ನಮ್ಮಲ್ಲಿ ಹಲವರು ಕಚೇರಿಗಳಲ್ಲಿ, ಶಾಲೆಗಳಲ್ಲಿ ಕುಳಿತು ಇಂತಹ ಪುಸ್ತಕಗಳನ್ನು ಇಡುವವರೇ. ಆಗ ಎಷ್ಟು ಸೌಕರ್ಯಗಳುಳ್ಳ ಪುಸ್ತಕವನ್ನು ಆರಿಸೋಣವೆಂದು ಕೇಳುವ ಮೊದಲು, ಎಲ್ಲರಿಗಿಂತ ಕಡಮೆ ಓದಿದವನು ಇದರಲ್ಲಿ ತನ್ನ ದೂರನ್ನು ಬರೆಯಿಸಬಲ್ಲನೇ ಎಂದು ಕೇಳಿಕೊಳ್ಳೋಣ. ಅದಕ್ಕೆ ಹೌದೆನ್ನುವ ಪುಸ್ತಕವೇ ಒಳ್ಳೆಯ ಪುಸ್ತಕವೆಂದು ನನ್ನ ನಂಬಿಕೆ. ದೊಡ್ಡಮ್ಮ ನೋಟುಪುಸ್ತಕವನ್ನು ಇನ್ನೂ ಬಿಟ್ಟಿಲ್ಲ. ಆದರೆ ಈಗ ಎರಡರಲ್ಲಿಯೂ ಬರೆಯುತ್ತಾರೆ. ಕಳೆದ ವಾರ ಮತ್ತೊಂದು ದೋಷ ಹೇಳಿ, "ಇದಕ್ಕೆ ನಂಬರ್ ಎಷ್ಟು ಹಾಕ್ದೆ?" ಎಂದು ತಾವಾಗಿಯೇ ಕೇಳಿದರು.